ಕಂಡಿದ್ದು, ಕೇಳಿದ್ದು, ಅಂದುಕೊಂಡಿದ್ದು

ನನ್ನ ಗಂಡ ನನ್ನನ್ನು ಅನುಮಾನದ ಪ್ರಾಣಿ ಎಂದು ಕರೆಯುತ್ತಾನೆ. ಸುಳ್ಳೇನಲ್ಲ. ಹಾಲಿನವನು ಒಂದು ದಿನ ತಡವಾಗಿ ಬಂದರೆ ಮೊದಲು ಅವನ ಮುಖ ನೋಡುತ್ತೇನೆ, ಆಮೇಲೆ ಹಾಲು. ಪಕ್ಕದ ಮನೆಯಾಕೆ ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಸುಮ್ಮನೆ ಪಾಯಸ ತಂದುಕೊಟ್ಟರೆ ‘ಯಾಕೆ ಕೊಟ್ಟಳು’ ಎಂದು ಅರ್ಧ ದಿನ ಯೋಚಿಸುತ್ತೇನೆ. ಪಾಯಸ ಮಾತ್ರ ಬಿಡುವುದಿಲ್ಲ, ಅದು ಬೇರೆ ಮಾತು. ‘ಅನುಮಾನಂ ಪೆದ್ದರೋಗಂ’ ಎಂದು ನಮ್ಮ ಕಡೆ ಕನ್ನಡದವರೂ ಹೇಳುತ್ತಾರೆ, ತೆಲುಗರೂ ಹೇಳುತ್ತಾರೆ. ಈ ದೊಡ್ಡ ರೋಗ ನನಗೆ ಅಂಟಿದ್ದು ಎಲ್ಲಿ ಎಂಬುದು ನನಗೆ ಚೆನ್ನಾಗಿ ಗೊತ್ತು. ಹೊಸೂರಿನ ಅಂಚಿನ ಅವಲಪಲ್ಲಿಯಲ್ಲಿ, ಎರಡು ಕೋಣೆಯ ಶೀಟಿನ ಮನೆಯಲ್ಲಿ, ನನಗೆ ಹನ್ನೊಂದು ವರ್ಷವಾಗಿದ್ದಾಗ.

ನಾಲ್ಕು ಮನೆಗಳ ವಠಾರದಲ್ಲಿ ನಮ್ಮದು ಕೊನೆಯದು. ಮುಂದಿನ ಕೋಣೆಯಲ್ಲಿ ಕಬ್ಬಿಣದ ಮಂಚ, ಟಿ.ವಿ., ಅಪ್ಪನ ಫ್ಯಾಕ್ಟರಿ ಯೂನಿಫಾರ್ಮು ತೂಗುಹಾಕುವ ಮೊಳೆ. ಹಿಂದಿನದು ಅಡುಗೆಕೋಣೆ, ಮೂಲೆಯಲ್ಲಿ ನೀರಿನ ನೀಲಿ ಡ್ರಮ್ಮು. ಎರಡು ಕೋಣೆಗಳ ನಡುವಿನ ಬಾಗಿಲ ಪಕ್ಕದಲ್ಲಿ ಅಜ್ಜಿಯ ಚಾಪೆ ಮತ್ತು ಅವಳ ತಗಡಿನ ಪೆಟ್ಟಿಗೆ. ಅಜ್ಜಿ ಎಂದರೆ ಅಪ್ಪನ ಅಮ್ಮ, ಮುನಿಯಮ್ಮ. ತಾತ ತೀರಿಕೊಂಡ ಮೇಲೆ ತಳಿ ಕಡೆಯ ಹಳ್ಳಿಯಿಂದ ಮಗನ ಮನೆಗೆ ಬಂದವಳು. ಬರುವಾಗ ಆ ಪೆಟ್ಟಿಗೆಯ ಜೊತೆ ಒಂದು ಚೀಲ ರಾಗಿಯನ್ನೂ ತಂದಿದ್ದಳು, ಮಗನ ಮನೆಯಲ್ಲಿ ಬಿಟ್ಟಿ ಉಂಡಳು ಎಂಬ ಮಾತು ಬರಬಾರದು ಎಂದು. ಅಪ್ಪ ಮುನಿರಾಜು ಮೋಟಾರು ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸಗಾರ, ಮಾತು ಕಡಿಮೆ. ಅಮ್ಮ ಸರೋಜ ಮಾಲೂರು ಕಡೆಯವಳು, ಮಾತು ಜಾಸ್ತಿ. ಅಪ್ಪನ ಪಾಲಿನದನ್ನೂ ಸೇರಿಸಿ ಅವಳೇ ಆಡುತ್ತಿದ್ದಳು. ಆ ವರ್ಷ ನನಗೊಬ್ಬ ತಮ್ಮ ಹುಟ್ಟಿದ್ದ. ಆ ಬಾಣಂತನದಿಂದಲೇ ಎಲ್ಲ ಶುರುವಾಯಿತು.

ತಮ್ಮ ಹುಟ್ಟಿದ ಮೇಲೆ ಅಮ್ಮ ಮಲಗಿದಾಗ ಎದೆಯ ಮೇಲೆ ಯಾರೋ ಕೂತ ಹಾಗೆ ಆಗುತ್ತಿತ್ತು. ಕಣ್ಣು ಬಿಟ್ಟಿರುತ್ತದೆ, ಕೈಕಾಲು ಆಡುವುದಿಲ್ಲ, ಕೂಗಬೇಕೆಂದರೆ ಗಂಟಲಿಂದ ಸದ್ದು ಹೊರಡುವುದಿಲ್ಲ. ಅಜ್ಜಿ ಉಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ಹಿಡಿದು ಮೂರು ಸಲ ಇಳಿ ತೆಗೆದು ಒಲೆಗೆ ಹಾಕಿದಳು. ಮೆಣಸಿನಕಾಯಿ ಸುಟ್ಟರೂ ಘಾಟು ಬರಲಿಲ್ಲ, ದೃಷ್ಟಿ ಗಟ್ಟಿಯಾಗಿಯೇ ತಗುಲಿದೆ ಎಂದಳು. ದಿಂಬಿನ ಕೆಳಗೆ ಕುಡುಗೋಲು ಇಟ್ಟರು. ಯಾವುದೂ ನಾಟಲಿಲ್ಲ. ಕೊನೆಗೆ ವಠಾರದ ಒಬ್ಬಾಕೆ ಅಮ್ಮನನ್ನು ಪ್ರಾರ್ಥನೆ ಮನೆಗೆ ಕರೆದುಕೊಂಡು ಹೋದಳು. ಅಲ್ಲಿಯ ಪಾಸ್ಟರು ಜ್ಞಾನಪ್ರಕಾಶ್ ಎಂಬುವರು. ಮನೆಮಾತು ತಮಿಳು, ನಮ್ಮ ಜೊತೆ ಕನ್ನಡ. ಮೊದಲು ಒಂದು ಫ್ಯಾಕ್ಟರಿಯಲ್ಲಿ ಮಾಲು ಪರೀಕ್ಷೆ ಮಾಡುವ ಕೆಲಸದಲ್ಲಿದ್ದರಂತೆ. ಅವರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ದಿನ ಅಮ್ಮ ತಿಂಗಳುಗಳ ಮೇಲೆ ಮೊದಲ ಬಾರಿ ನಿದ್ದೆ ಮಾಡಿದಳು. ಅದನ್ನು ಅಪ್ಪ ಕಣ್ಣಾರೆ ಕಂಡ. ಅದೇ ಬೇಸಿಗೆಯಲ್ಲಿ ಇಬ್ಬರೂ ದೀಕ್ಷಾಸ್ನಾನ ತೆಗೆದುಕೊಂಡು ವಿಶ್ವಾಸಿಗಳಾದರು. ಅಜ್ಜಿ ಮಾತ್ರ ಪಾಸ್ಟರಯ್ಯನ ಮುಂದೆಯೇ ಕಡ್ಡಿ ಮುರಿದಂತೆ ಹೇಳಿಬಿಟ್ಟಳು:

“ನೀವು ಎಲ್ಲಿಗಾದ್ರೂ ಹೋಗ್ರಪ್ಪ, ನಾನು ಬ್ಯಾಡ ಅನ್ನಕಿಲ್ಲ. ನಾನು ಮುನೇಸ್ವರನ್ನ ಬುಟ್ಟು ಬರಕಿಲ್ಲ. ಅವನಿಗೆ ನನ್ನ ಬುಟ್ರೆ ಇನ್ಯಾರವ್ರೆ?”

ಪಾಸ್ಟರಯ್ಯ ನಕ್ಕು ಅವಳ ಕೈಯಿಂದ ಕಾಫಿ ಇಸಿದುಕೊಂಡು ಕುಡಿದರು. ಅಜ್ಜಿಗೆ ಯಾರೂ ಒತ್ತಾಯ ಮಾಡಬೇಡಿ ಎಂದು ಅಮ್ಮನಿಗೆ ಹೇಳಿ ಹೋದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮೂರು ತಿಂಗಳಿಗೆ ಎದೆಯ ಮೇಲೆ ಕೂರುವವರು ವಾಪಸು ಬಂದರು. ಈಗ ಅಮ್ಮನಿಗೆ ಭಯದ ಜೊತೆ ನಾಚಿಕೆಯೂ ಸೇರಿತು. ಸಭೆಯ ಮುಂದೆ ನಿಂತು, ನನಗೆ ವಾಸಿಯಾಯಿತು ಎಂದು ಸಾಕ್ಷಿ ಹೇಳಿದ್ದಳಲ್ಲ, ಈಗ ಯಾವ ಮುಖ ಇಟ್ಟುಕೊಂಡು ಇಲ್ಲ ಎನ್ನುವುದು? ಆದ್ದರಿಂದ ಪಾಸ್ಟರಯ್ಯನಿಗೆ ಹೇಳದೆ ತಾನೇ ಕಾವಲಿಗೆ ನಿಂತಳು. ದಿಂಬಿನ ಕೆಳಗಿದ್ದ ಕುಡುಗೋಲು ಹೋಗಿ ಅಲ್ಲಿಗೆ ಸತ್ಯವೇದ ಎಂಬ ಬೈಬಲ್ಲು ಬಂತು. ಬಾಗಿಲಿಗೆ ಮಂಗಳವಾರ, ಶುಕ್ರವಾರ ಅರಿಶಿನ ಹಚ್ಚುತ್ತಿದ್ದ ಕೈಯೇ ಈಗ ಮಂಗಳವಾರ, ಶುಕ್ರವಾರ ಪ್ರಾರ್ಥನೆ ಮಾಡಿದ ಕೊಬ್ಬರಿ ಎಣ್ಣೆಯಲ್ಲಿ ಶಿಲುಬೆ ಬರೆಯತೊಡಗಿತು. ಎಲ್ಲಕ್ಕಿಂತ ತಮಾಷೆ ನಮ್ಮ ಕ್ಯಾಲೆಂಡರಿನದು. ಅದರ ಮೇಲಿದ್ದ ಲಕ್ಷ್ಮಿಯ ಪಟವನ್ನು ಅಮ್ಮ ಕತ್ತರಿಯಿಂದ ನೀಟಾಗಿ ಕತ್ತರಿಸಿ ತೆಗೆದಿದ್ದಳು, ಕೆಳಗಿನ ಪಂಚಾಂಗವನ್ನು ಹಾಗೇ ಉಳಿಸಿಕೊಂಡಿದ್ದಳು. ಅಮಾವಾಸ್ಯೆ ಯಾವತ್ತು ಎಂದು ಗೊತ್ತಾಗಬೇಕಲ್ಲ! ಅವತ್ತು ಸೈತಾನನಿಗೆ ಬಲ ಜಾಸ್ತಿ, ಎರಡು ಸಲ ಪ್ರಾರ್ಥನೆ ಮಾಡಬೇಕು ಎಂಬುದು ಅವಳ ಲೆಕ್ಕ. ಆಗ ನನಗೆ ಇದರಲ್ಲಿ ನಗುವಂಥದ್ದೇನೂ ಕಂಡಿರಲಿಲ್ಲ. ನಾನೂ ಅಮಾವಾಸ್ಯೆಯ ದಿನ ಅಂಗಳಕ್ಕೆ ಒಬ್ಬಳೇ ಹೋಗುತ್ತಿರಲಿಲ್ಲ.

ಆ ಸಮಯಕ್ಕೆ ಎಸ್ತರಕ್ಕ ನಮ್ಮ ಮನೆಗೆ ಬರಲು ಶುರುಮಾಡಿದಳು. ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಮನೆಮನೆಗೆ ಹೋಗುವ ಹೆಂಗಸು. ಬಿಳೀ ಸೀರೆ, ದೊಡ್ಡ ಗಂಟಲು. ಕೆಟ್ಟವಳು ಎಂದು ಈಗಲೂ ಹೇಳಲಾರೆ. ತಮ್ಮನಿಗೆ ಜ್ವರ ಬಂದಾಗ ಮೂರು ಹೊತ್ತೂ ಊಟ ಬಿಟ್ಟು ಅವನಿಗಾಗಿ ಮೊಣಕಾಲೂರಿದ್ದಳು. ಆದರೆ ಅವಳಿಗೆ ಎಲ್ಲೆಲ್ಲೂ ದುರಾತ್ಮಗಳ ವಾಸನೆ ಬರುತ್ತಿತ್ತು. ನನ್ನ ಕಂದು ಕೂದಲಿನ ಗೊಂಬೆಯಲ್ಲಿ ಬಂತು, ಅದನ್ನು ಸುಟ್ಟರು. ಅಪ್ಪನ ಹಳೆಯ ಉಡಿದಾರದಲ್ಲಿ ಬಂತು, ಅದನ್ನು ಹರಿದರು. ಮೂರನೆಯ ವಾರ ಅವಳು ನಡುಬಾಗಿಲ ಹತ್ತಿರ ನಿಂತು, ಅಜ್ಜಿಯ ಪೆಟ್ಟಿಗೆಯ ಕಡೆ ನೋಡಿ, ಅಮ್ಮನ ಕಿವಿಯಲ್ಲಿ ಹೇಳಿದಳು:

“ಸರೋಜ, ಹೊರಗಿಂದ ಬರೋದಾಗಿದ್ರೆ ಇಷ್ಟು ಪ್ರಾರ್ಥನೆಗೆ ಓಡೋಗ್ಬೇಕಿತ್ತು ಕಣೆ. ಒಳಗೇ ಯಾರೋ ಬಾಗ್ಲು ತೆಗೆದು ಕೊಡ್ತಾವ್ರೆ. ಪಾಸ್ಟರಯ್ಯ ಒಳ್ಳೆಯವ್ರು, ಆದ್ರೆ ಇದನ್ನ ಕಾಣೋ ವರ ಅವ್ರಿಗಿಲ್ಲ.”

ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು, ಅಜ್ಜಿಗೂ ಕೇಳಿಸಿರಬೇಕು. ಅಷ್ಟು ಸಣ್ಣ ಮನೆಯಲ್ಲಿ ಗುಟ್ಟು ಎಂಬುದೇ ಇರಲಿಲ್ಲ. ಅಂದಿನಿಂದ ಅಮ್ಮ ನನಗೊಂದು ಕೆಲಸ ಕೊಟ್ಟಳು: ತಾನು ನೀರಿಗೆ, ಅಂಗಡಿಗೆ ಹೋದಾಗ ಅಜ್ಜಿ ಏನು ಮಾಡುತ್ತಾಳೆ ಎಂದು ನೋಡಿಕೊಂಡಿರುವುದು. ಅಜ್ಜಿ ಕೊಟ್ಟಿದ್ದನ್ನು ತಿನ್ನದೆ ಇರುವುದು. ಈ ಕೆಲಸ ನನಗೆ ಎಷ್ಟು ಹಿಡಿಸಿತೆಂದು ಹೇಳಲು ಈಗಲೂ ಮೈ ಮುದುಡುತ್ತದೆ. ತಮ್ಮ ಹುಟ್ಟಿದಂದಿನಿಂದ ನನ್ನನ್ನು ಯಾರೂ ಕೂರಿಸಿಕೊಂಡು ಮಾತಾಡಿಸಿರಲಿಲ್ಲ. ಈಗ ಅಮ್ಮ ಪ್ರತಿ ಸಂಜೆ ನನ್ನನ್ನು ಪಕ್ಕಕ್ಕೆ ಕರೆದು, ತಲೆ ನೇವರಿಸಿ, ‘ಇವತ್ತೇನು ಕಂಡೆ ಮಗಳೇ’ ಎನ್ನುತ್ತಿದ್ದಳು. ಏನೂ ಕಾಣಲಿಲ್ಲ ಎಂದರೆ ಅವಳ ಕೈ ತಲೆಯಿಂದ ಇಳಿಯುತ್ತಿತ್ತು. ಹಾಗಾಗಿ ನಾನು ದಿನಾಲೂ ಏನಾದರೊಂದು ಕಾಣತೊಡಗಿದೆ. ಅಜ್ಜಿ ಸೊಪ್ಪು ಬಿಡಿಸುವಾಗ ತುಟಿ ಆಡಿಸಿದ್ದು. ಬಾಚಿದ ಕೂದಲನ್ನು ಉಂಡೆ ಮಾಡಿ ಗೋಡೆಯ ಸಂದಿಗೆ ಸಿಕ್ಕಿಸಿದ್ದು. ತಮ್ಮನ ತೊಟ್ಟಿಲ ಮುಂದೆ ನಿಂತು ಲಟಿಕೆ ಮುರಿದಿದ್ದು. ಒಂದು ಸಲ ಅಜ್ಜಿ ಹುರಿಗಡಲೆ, ಬೆಲ್ಲ ಕುಟ್ಟಿ ಉಂಡೆ ಕಟ್ಟಿ ಕೊಟ್ಟಳು. ನಾನು ಇಸಿದುಕೊಂಡು ಹೊರಗೆ ಹೋಗಿ ಚರಂಡಿಗೆ ಹಾಕಿದೆ. ತಿರುಗಿದರೆ ಅಜ್ಜಿ ಹೊಸ್ತಿಲಲ್ಲಿ ನಿಂತಿದ್ದಳು. ಕೈಯಲ್ಲಿ ತಮ್ಮನಿಗೆಂದು ಕಟ್ಟಿದ್ದ ಸಣ್ಣ ಉಂಡೆಯಿತ್ತು. ಅದನ್ನು ತಾನೇ ಬಾಯಿಗೆ ಹಾಕಿಕೊಂಡು ಒಳಗೆ ಹೋದಳು.

ಕ್ರಿಸ್ಮಸ್ಸಿಗೆ ಎರಡು ವಾರ ಮುಂಚೆ ಮನೆಗೆ ಸುಣ್ಣ ಬಳಿಯಲು ಅಮ್ಮ ಸಾಮಾನು ಇಳಿಸುತ್ತಿದ್ದಳು. ಭಾನುವಾರ, ಸಭೆ ಮುಗಿಸಿ ಎಲ್ಲರೂ ಮನೆಯಲ್ಲಿದ್ದೆವು. ಎಸ್ತರಕ್ಕನೂ ನಮ್ಮ ಜೊತೆಯೇ ಊಟಕ್ಕೆ ಬಂದಿದ್ದಳು. ಮುಂಬಾಗಿಲ ಮೇಲೆ ಬಾಗಿಲುವಾಡಕ್ಕೂ ಶೀಟಿಗೂ ನಡುವೆ ಒಂದು ಸಂದು. ಅಲ್ಲಿಂದ ಪೊರಕೆಯ ತುದಿಗೆ ಸಿಕ್ಕಿ ಕೆಂಪು ಬಟ್ಟೆಯ ಗಂಟೊಂದು ಕೆಳಗೆ ಬಿತ್ತು. ಬಿಚ್ಚಿದರೆ ಒಣಗಿ ಕಪ್ಪಾದ ನಿಂಬೆಹಣ್ಣು, ಏನೇನೋ ಗೀಚಿದ ತಾಮ್ರದ ತಗಡು. ಅಮ್ಮ ಕಿರುಚಿದ ಸದ್ದಿಗೆ ವಠಾರದ ಮೂರೂ ಮನೆಯ ಬಾಗಿಲು ತೆರೆದವು. ಎಸ್ತರಕ್ಕ ಗಂಟಿನ ಸುತ್ತ ಎಣ್ಣೆ ಚೆಲ್ಲಿ, ಜೋರು ದನಿಯಲ್ಲಿ ದುರಾತ್ಮಗಳನ್ನು ಬೈದು ಓಡಿಸಿ, ಆಮೇಲೆ ಒಬ್ಬೊಬ್ಬರ ಮುಖ ನೋಡುತ್ತಾ ಬಂದಳು. ಅಪ್ಪ ಏನೋ ನೆನಪಾದವನಂತೆ ಎದ್ದು ಹೋಗಿ ನಲ್ಲಿಯ ಹತ್ತಿರ ಕೈ ತೊಳೆಯತೊಡಗಿದ. ಅಜ್ಜಿ ಚಾಪೆಯಿಂದ ಏಳಲಿಲ್ಲ. ಎಸ್ತರಕ್ಕ ನನ್ನ ಮುಂದೆ ಕೂತು, ನನ್ನ ಎರಡೂ ಕೈ ಹಿಡಿದುಕೊಂಡಳು.

“ಮಗಳೇ, ದೇವರ ಮಕ್ಕಳು ಸುಳ್ಳು ಹೇಳಲ್ಲ. ಇದನ್ನ ಇಟ್ಟವ್ರನ್ನ ನೀನು ಕಂಡಿದೀಯಾ?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ನಿಂತ ವಠಾರದ ಹೆಂಗಸರೂ ನೋಡುತ್ತಿದ್ದರು. ಅಮ್ಮನ ಕಣ್ಣುಗಳು, ಹೇಳು ಹೇಳು ಎನ್ನುತ್ತಿದ್ದವು. ನನಗೆ ಏನೂ ಗೊತ್ತಿರಲಿಲ್ಲ. ನಾನು ಹೇಳಿದೆ:

“ಅಜ್ಜಿ ಡ್ರಮ್ಮು ಉರುಳಿಸ್ಕೊಂಡು ಬಂದು, ಅದ್ರ ಮೇಲೆ ಹತ್ತಿ ಇಟ್ರು. ನಾನು ಕಂಡೆ.”

ಅಜ್ಜಿ ನನ್ನ ಕಡೆ ನೋಡಿದಳು. ಆಮೇಲೆ ತನ್ನ ಮೊಣಕಾಲುಗಳನ್ನು ನೋಡಿಕೊಂಡಳು. ಡ್ರಮ್ಮು ಹತ್ತುವುದಿರಲಿ, ಹೊಸ್ತಿಲು ದಾಟಲು ಗೋಡೆ ಹಿಡಿಯುತ್ತಿದ್ದ ಮೊಣಕಾಲುಗಳು ಅವು. ಅದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅನುಮಾನ ಎಂಬುದು ಒಮ್ಮೆ ಮನೆ ಹೊಕ್ಕರೆ ಮೊಣಕಾಲನ್ನೆಲ್ಲ ಯಾರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ? ಅಮ್ಮ ಅಳುತ್ತಲೇ, ಇನ್ನು ಈ ಮನೆಯಲ್ಲಿ ಅವರಿರಬೇಕು, ಇಲ್ಲ ನಾನು ನನ್ನ ಮಕ್ಕಳಿರಬೇಕು ಎಂದಳು. ಅಜ್ಜಿ ಮಗನಿಗಾಗಿ ಬಾಗಿಲ ಕಡೆ ನೋಡಿದಳು. ಅಪ್ಪ ಇನ್ನೂ ಕೈ ತೊಳೆಯುತ್ತಿದ್ದ. ಮರುದಿನ ಬೆಳಿಗ್ಗೆ ಅಜ್ಜಿ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ತಳಿ ಬಸ್ಸು ಹತ್ತಿದಳು. ಅಲ್ಲಿ ಅವಳ ಮಗಳು, ನನ್ನ ಅತ್ತೆ, ಇದ್ದಳು. ಪೆಟ್ಟಿಗೆಯನ್ನು ಯಾಕೆ ಬಿಟ್ಟಳೆಂದರೆ, ಅದರೊಳಗೆ ಏನಿದೆ ಎಂದು ನಾವು ನೋಡಿಕೊಳ್ಳಲಿ ಎಂದು. ಅಮ್ಮ ಎಣ್ಣೆ ಹಚ್ಚಿದ ಕೈಯಿಂದಲೇ ತೆಗೆದು ನೋಡಿದಳು. ತಾತನ ಒಂದು ಪಂಚೆ, ಕುಂಕುಮದ ಭರಣಿ, ನನ್ನ ಎರಡನೇ ಕ್ಲಾಸಿನ ಕನ್ನಡ ಪುಸ್ತಕ.

ಅಜ್ಜಿ ಹೋದ ಮೇಲೆ ಅಮ್ಮನಿಗೆ ನೆಮ್ಮದಿಯಾಗಬೇಕಿತ್ತು. ಎದೆಯ ಮೇಲೆ ಕೂರುವುದು ಮಾತ್ರ ಹಾಗೇ ಇತ್ತು. ಅಜ್ಜಿಯಿಲ್ಲದ ಮೇಲೆ ಅನುಮಾನಕ್ಕೆ ಬೇರೆ ಆಳು ಬೇಕಾಯಿತು. ಮೊದಲು ಪಕ್ಕದ ಮನೆಯಾಕೆ, ಪ್ರಾರ್ಥನೆ ಮನೆಯ ದಾರಿ ತೋರಿಸಿದವಳೇ. ಆಮೇಲೆ ಮೊಸರಿನವಳು. ಒಂದು ಸಂಜೆ ನಾನು ಕನ್ನಡಿಯ ಮುಂದೆ ನಿಂತು ಜಡೆ ಹೆಣೆದುಕೊಳ್ಳುತ್ತಾ ಏನೋ ಗುನುಗುತ್ತಿದ್ದೆ. ತಿರುಗಿದರೆ ಅಮ್ಮ ಹಿಂದೆ ನಿಂತು ನನ್ನ ತುಟಿಗಳನ್ನೇ ನೋಡುತ್ತಿದ್ದಳು. ‘ಯಾರು ಕಲಿಸಿದ್ರೆ ಅದನ್ನ’ ಎಂದಳು. ಶಾಲೆಯ ಹಾಡು ಎಂದೆ. ಅವಳು ನಂಬಲಿಲ್ಲ. ಅಂದು ನನಗೆ ನಿಜವಾಗಿ ಭಯವಾಯಿತು, ದೆವ್ವದ ಭಯವಲ್ಲ, ಅಮ್ಮನ ಭಯ. ಅದಾಗಿ ನಾಲ್ಕು ದಿನಕ್ಕೆ ಅಮ್ಮ ನಲ್ಲಿಯ ಹತ್ತಿರ ಕೊಡ ಎತ್ತುತ್ತಿದ್ದವಳು ಕುಸಿದು ಬಿದ್ದಳು. ಪಕ್ಕದ ಮನೆಯಾಕೆಯೇ ಓಡಿಹೋಗಿ ಪಾಸ್ಟರಯ್ಯನನ್ನೂ ಅವರ ಹೆಂಡತಿಯನ್ನೂ ಕರೆದುಕೊಂಡು ಬಂದಳು.

ಪಾಸ್ಟರಯ್ಯನ ಮೇಲೆ ನನಗೆ ಮೊದಲಿಂದಲೂ ಪೂರ್ತಿ ನಂಬಿಕೆಯಿರಲಿಲ್ಲ. ಅವರು ಕೂಗುತ್ತಿರಲಿಲ್ಲ, ಎಣ್ಣೆ ಚೆಲ್ಲುತ್ತಿರಲಿಲ್ಲ. ಇಷ್ಟು ಮೆತ್ತಗೆ ಮಾತಾಡಿದರೆ ದೆವ್ವಕ್ಕೆ ಕೇಳಿಸುವುದಾದರೂ ಹೇಗೆ? ಅವತ್ತೂ ಅವರು ಕೂಗಲಿಲ್ಲ. ಹೆಂಡತಿ ಅಮ್ಮನಿಗೆ ಗಂಜಿ ಕುಡಿಸುವವರೆಗೆ ಸುಮ್ಮನೆ ಕೂತಿದ್ದರು. ಕಣ್ಣು ದಿಂಬಿನ ಕೆಳಗಿನ ಸತ್ಯವೇದದ ಮೇಲೆ ಹೋಯಿತು, ಬಾಗಿಲ ಎಣ್ಣೆ ಜಿಡ್ಡಿನ ಮೇಲೆ ಹೋಯಿತು, ತಲೆಯಿಲ್ಲದ ಕ್ಯಾಲೆಂಡರಿನ ಮೇಲೆ ನಿಂತಿತು. ನಗು ಬಂತೇನೋ, ತಡೆದುಕೊಂಡರು. ಅಜ್ಜಿ ಎಲ್ಲಿ ಎಂದು ಕೇಳಿದರು. ಅಮ್ಮ ಅಳುತ್ತಾ ಎಲ್ಲವನ್ನೂ ಹೇಳಿದಳು. ಅವರು ನನ್ನ ನೋಟ್‌ಬುಕ್ಕಿನಿಂದ ಮೂರು ಹಾಳೆ ಹರಿದು, ಒಂದೊಂದರಲ್ಲೂ ಉದ್ದಕ್ಕೆ ಎರಡು ಗೆರೆ ಎಳೆದು ಮೂರು ಸಾಲು ಮಾಡಿ, ಅಪ್ಪ, ಅಮ್ಮ, ನಾನು ಮೂವರಿಗೂ ಒಂದೊಂದು ಕೊಟ್ಟರು.

“ಫ್ಯಾಕ್ಟರೀಲಿ ಒಂದು ಪೀಸು ರಿಜೆಕ್ಟ್ ಆದ್ರೆ ನಾವು ಹಿಂಗೇ ಬರೀತಿದ್ವಿ. ಮೊದಲನೇ ಸಾಲಲ್ಲಿ ನೀವು ಕಣ್ಣಲ್ಲಿ ಕಂಡಿದ್ದು. ಎರಡನೇದ್ರಲ್ಲಿ ಬೇರೆಯವ್ರು ಹೇಳಿ ಕೇಳಿದ್ದು. ಮೂರನೇದ್ರಲ್ಲಿ ನೀವೇ ಅಂದ್ಕೊಂಡಿದ್ದು. ಒಂದನ್ನ ಇನ್ನೊಂದ್ರಲ್ಲಿ ಬೆರೆಸ್ಬಾರ್ದು, ಅಷ್ಟೇ.”

“ದೆವ್ವ ಹಿಡಿದಿರೋದು ಹಾಳೆ ಮೇಲೆ ಬರೆದ್ರೆ ಹೋಗ್ತದಾ ಅಯ್ಯಾ?” ಎಂದಳು ಅಮ್ಮ.

“ದೆವ್ವ ಇಲ್ಲ ಅಂತ ನಾನು ಹೇಳಲ್ಲಮ್ಮ. ಇದೆ ಅಂತಾನೇ ನಂಬೋನು ನಾನು. ಅದಕ್ಕೇ ಹೇಳ್ತಿರೋದು, ಅದಲ್ಲದೇ ಇರೋದನ್ನ ಮೊದ್ಲು ಬೇರೆ ಮಾಡಿ ಇಡೋಣ.”

ಅಮ್ಮನ ಹಾಳೆಯ ಮೂರನೆಯ ಸಾಲು ತುಂಬಿ ಹಿಂದಿನ ಪುಟಕ್ಕೂ ಹರಿಯಿತು. ಎರಡನೆಯದರಲ್ಲಿ ಎಸ್ತರಕ್ಕನ ಮಾತು, ನನ್ನ ಸಂಜೆಯ ವರದಿಗಳು. ಮೊದಲನೆಯದರಲ್ಲಿ ಅವಳು ಬಹಳ ಹೊತ್ತು ಯೋಚಿಸಿ ಬರೆದದ್ದು ಎರಡೇ: ಎದೆ ಒತ್ತುವುದು, ಕೆಂಪು ಗಂಟು. ಪಾಸ್ಟರಯ್ಯನಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಹಾಗಾಗಿ ಬರೆದವರೇ ಓದಬೇಕಾಯಿತು. ಅಮ್ಮ ಓದಿದಳು. ಆಮೇಲೆ ನನ್ನ ಸರದಿ. ನನ್ನ ಹಾಳೆಯಲ್ಲಿ ಎರಡು, ಮೂರು ಖಾಲಿ. ಮೊದಲನೆಯ ಸಾಲಿನಲ್ಲಿ ನೀಲಿ ಶಾಯಿಯಲ್ಲಿ, ದುಂಡಗೆ, ಅಜ್ಜಿ ಡ್ರಮ್ಮಿನ ಮೇಲೆ ಹತ್ತಿ ಗಂಟು ಇಟ್ಟರು ಎಂದು ಬರೆದಿದ್ದೆ. ಆಗಲೇ ಹೇಳಿಬಿಟ್ಟ ಸುಳ್ಳು, ಇನ್ನು ಹಿಂದಕ್ಕೆ ಹೋಗುವ ದಾರಿ ನನಗೆ ಗೊತ್ತಿರಲಿಲ್ಲ. ಗಟ್ಟಿಯಾಗಿಯೇ ಓದಿದೆ. ಓದಿ ತಲೆಯೆತ್ತಿದರೆ ಅಪ್ಪ ತನ್ನ ಹಾಳೆಯನ್ನು ನೆಲದ ಮೇಲಿಟ್ಟ. ಅದರಲ್ಲಿ ಒಂದಕ್ಷರವೂ ಇರಲಿಲ್ಲ.

“ಅದನ್ನ ಇಟ್ಟೋನು ನಾನು” ಎಂದ ಅಪ್ಪ.

ದೀಕ್ಷಾಸ್ನಾನವಾದ ವಾರವೇ ಫ್ಯಾಕ್ಟರಿಯಲ್ಲಿ ಅವನ ಪಕ್ಕದ ಮೆಷಿನ್ನಿನವನ ಬೆರಳು ಹೋಗಿತ್ತಂತೆ. ಮನೆದೇವರು ಮುನಿದಿದ್ದಾನೆ, ಮುಂದಿನ ಸರದಿ ತನ್ನದು ಎಂದು ಅಪ್ಪನಿಗೆ ಅನ್ನಿಸಿತು. ಯಾರಿಗೂ ಹೇಳದೆ ದೆಂಕಣಿಕೋಟೆ ರಸ್ತೆಯ ಕಡೆ ಒಬ್ಬ ಮಂತ್ರದವನ ಹತ್ತಿರ ಹೋಗಿ, ಗಂಟು ಕಟ್ಟಿಸಿಕೊಂಡು ಬಂದು, ನಾನು ಶಾಲೆಗೆ, ಅಮ್ಮ ಅಂಗಡಿಗೆ ಹೋಗಿ ಅಜ್ಜಿ ಅಡುಗೆಕೋಣೆಯಲ್ಲಿದ್ದಾಗ ಬಾಗಿಲ ಮೇಲೆ ಸಿಕ್ಕಿಸಿದ. ಭಾನುವಾರ ಸಭೆಗೂ ಬರುತ್ತಿದ್ದ. ಎರಡು ದೋಣಿಯ ಮೇಲೆ ಒಂದೊಂದು ಕಾಲು. ಯಾವುದಾದರೂ ಒಂದು ದಡ ಸೇರಿಸಲಿ ಎಂದು. ಗಂಟು ಬಿದ್ದ ದಿನ ಕೈ ತೊಳೆದು ಬಂದು ಹೇಳಿಬಿಡೋಣ ಎಂದುಕೊಳ್ಳುವಷ್ಟರಲ್ಲಿ ನಾನು ಅಜ್ಜಿಯ ಹೆಸರು ಹೇಳಿಬಿಟ್ಟಿದ್ದೆ. ನಾನು ಉಳಿಸಿದ್ದು ಅವನನ್ನು.

ಅಮ್ಮ ಅಪ್ಪನನ್ನು ನೋಡಿದಳು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು. ನನ್ನ ಹಾಳೆ ಇನ್ನೂ ನನ್ನ ಕೈಯಲ್ಲೇ ಇತ್ತು. ಪಾಸ್ಟರಯ್ಯ ಅದನ್ನು ನಿಧಾನಕ್ಕೆ ಇಸಿದುಕೊಂಡು, ಮಡಿಸಿ ಜೇಬಿಗೆ ಹಾಕಿಕೊಂಡರು. ನಾನು ಅಳತೊಡಗಿದೆ. ಯಾರೂ ಸಮಾಧಾನ ಮಾಡಲಿಲ್ಲ. ಮಾಡಬಾರದಿತ್ತು ಕೂಡ.

“ನೋಡಮ್ಮ” ಎಂದರು ಅವರು ಅಮ್ಮನಿಗೆ. “ದುರಾತ್ಮ ಒಂದು ಮನೆಗೆ ಬಂದ್ರೆ ಏನು ಮಾಡುತ್ತೆ? ಒಬ್ರ ಮೇಲೆ ಒಬ್ರನ್ನ ಎತ್ತಿ ಕಟ್ಟುತ್ತೆ. ವಯಸ್ಸಾದವ್ರನ್ನ ಹೊರಗೆ ಹಾಕುತ್ತೆ. ಮಗು ಬಾಯಲ್ಲಿ ಸುಳ್ಳು ಹೇಳಿಸುತ್ತೆ. ಅದು ಮಾಡೋ ಕೆಲ್ಸ ಎಲ್ಲಾನೂ ನೀವೇ ಮಾಡಿ ಮುಗಿಸಿದೀರಿ. ಇನ್ನು ಅದು ಇಲ್ಲಿಗೆ ಯಾಕಮ್ಮ ಬರಬೇಕು?”

“ನನ್ನ ಎದೆ ಮೇಲೆ ಕೂತ್ಕೊಳ್ಳೋದು ಸುಳ್ಳಾ ಅಯ್ಯಾ ಹಂಗಾರೆ?”

“ಸುಳ್ಳಲ್ಲ. ಅದು ನಿಮ್ಮ ಮೊದಲನೇ ಸಾಲಲ್ಲೇ ಇದೆ. ಯಾರು ಕಳಿಸಿದ್ರು ಅನ್ನೋದು ಮೂರನೇ ಸಾಲಲ್ಲಿದೆ. ಪ್ರಾರ್ಥನೆ ಮಾಡೋಣ, ನಾಳೆ ಬೆಳಿಗ್ಗೆ ಆಸ್ಪತ್ರೆಗೂ ಹೋಗೋಣ. ಎರಡೂ ಮಾಡೋದು ಅಪನಂಬಿಕೆ ಅಲ್ಲ.”

ಮರುದಿನ ಅವರ ಹೆಂಡತಿ ಅಮ್ಮನನ್ನು ಹೊಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮೈಯಲ್ಲಿ ರಕ್ತವೇ ಇಲ್ಲವಲ್ಲಮ್ಮ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರಮ್ಮ ಬೈದರಂತೆ. ನಿದ್ದೆಗೆಟ್ಟ ಬಾಣಂತಿಯರಿಗೆ ಮಲಗಿದಾಗ ಹಾಗೆ ಮೈ ಕಟ್ಟಿಹಾಕಿದಂತಾಗುವುದುಂಟು ಎಂದೂ ಹೇಳಿದರಂತೆ. ಮಾತ್ರೆ ಶುರುವಾಯಿತು. ಪಾಸ್ಟರಯ್ಯ ವಾರಕ್ಕೊಮ್ಮೆ ಬಂದು ಅಮ್ಮನಿಗೆ ಕಲಿಸಿದ್ದು ಬಹಳ ಸಣ್ಣ ಪಾಠ: ಹಾಗಾದಾಗ ಎದ್ದು ಕೂರಿ, ನೀರು ಕುಡಿಯಿರಿ, ಒಂದು ಮಾತು ಪ್ರಾರ್ಥನೆ ಮಾಡಿ, ಯಾರು ಕಳಿಸಿದರು ಎಂದು ಮಾತ್ರ ಹುಡುಕಬೇಡಿ. ಅಮ್ಮ ಕಲಿತಳು, ನಿಧಾನವಾಗಿ. ಪಂಚಾಂಗ ಗೋಡೆಯಿಂದ ಇಳಿಯಲು ಮತ್ತೊಂದು ವರ್ಷವೇ ಹಿಡಿಯಿತು. ಎಸ್ತರಕ್ಕನನ್ನೂ ಅವರು ಸಭೆಯಿಂದ ಓಡಿಸಲಿಲ್ಲ. ಕೂರಿಸಿಕೊಂಡು ಏನು ಹೇಳಿದರೋ ಗೊತ್ತಿಲ್ಲ, ಅವಳು ನಮ್ಮ ಮನೆಗೆ ಬರುವುದು ನಿಂತಿತು.

ಅಜ್ಜಿಯನ್ನು ಕರೆಯಲು ನಾವು ತಳಿಗೆ ಹೋದಾಗ ಅವಳು ಅತ್ತೆಯ ಹೊಲದಲ್ಲಿ ಬೀನ್ಸು ಬಿಡಿಸುತ್ತಿದ್ದಳು. ಅಮ್ಮ ಸಾಲಿನ ನಡುವೆಯೇ ಅವಳ ಕಾಲು ಹಿಡಿದಳು. ಅಜ್ಜಿ ಕಾಲು ಹಿಂದಕ್ಕೆ ಎಳೆದುಕೊಂಡು, ಗಿಡ ಮುರಿದೀಯ, ಏಳಮ್ಮಿ ಎಂದಳು. ಅಪ್ಪ ಬದುವಿನ ಮೇಲೆ ನಿಂತುಕೊಂಡೇ ತಾನು ಮಾಡಿದ್ದನ್ನು ಹೇಳಿದ. ಅಜ್ಜಿ ಕೈಯ ಬುಟ್ಟಿ ಕೆಳಗಿಟ್ಟಳು.

“ಅವತ್ತು ನನ್ನ ಮೇಲೆ ಮಾತು ಬಂದಾಗ ಬಾಯಲ್ಲಿ ಏನು ಇಟ್ಕಂಡಿದ್ದೆ ಕಣ್ಲಾ? ಮುದ್ದೇನಾ? ಹೆತ್ತ ತಾಯಿ ಬೀದಿಗೆ ಬೀಳ್ತಾವಳೆ, ಇವ್ನು ಕೈ ತೊಳೀತಾವನೆ!”

ಅಪ್ಪ ಅತ್ತದ್ದನ್ನು ನಾನು ಕಂಡಿದ್ದು ಆವತ್ತೇ. ಪಾಸ್ಟರಯ್ಯನೂ ಜೊತೆಗೆ ಬಂದಿದ್ದರು. ಅಜ್ಜಿಯ ಪಕ್ಕದ ಸಾಲಿನಲ್ಲಿ ಬಗ್ಗಿ ಬೀನ್ಸು ಬಿಡಿಸತೊಡಗಿದರು. ಎಳೆಯ ಕಾಯಿಗಳನ್ನೆಲ್ಲ ಕೀಳುತ್ತಿದ್ದರೆಂದು ಅಜ್ಜಿ ಅವರಿಗೂ ಬೈದಳು. ನನಗೆ ಬೈಯಲಿಲ್ಲ. ನನ್ನ ಸರದಿ ಬರುತ್ತದೆ ಎಂದು ನಾನು ಬಸ್ಸಿನಲ್ಲಿ ಬರುವಾಗಿನಿಂದ ಮಾತು ಹೊಂದಿಸಿಕೊಂಡಿದ್ದೆ. ಅಜ್ಜಿ ನನ್ನ ಕಡೆ ತಿರುಗಲೇ ಇಲ್ಲ. ಕಾಯಿ ಮುಗಿಯಲಿ, ಬತ್ತೀನಿ, ಹೋಗಿ ಎಂದಳು. ಹತ್ತು ದಿನ ಬಿಟ್ಟು ಒಬ್ಬಳೇ ಬಸ್ಸು ಹತ್ತಿ ಬಂದು ತನ್ನ ಚಾಪೆ ಹಾಸಿಕೊಂಡಳು. ಅಮ್ಮನ ಜೊತೆ ಮಾತು ಶುರುವಾಯಿತು, ಅಪ್ಪನ ಜೊತೆ ಜಗಳ ಶುರುವಾಯಿತು, ತಮ್ಮ ಅವಳ ತೊಡೆಯ ಮೇಲೆ ಬೆಳೆಯತೊಡಗಿದ. ನನ್ನನ್ನು ಅವಳು ಬೈಯಲೂ ಇಲ್ಲ, ಹತ್ತಿರ ಕರೆಯಲೂ ಇಲ್ಲ. ನಾನು ಕೋಣೆಗೆ ಬಂದರೆ ಮಾತು ನಿಲ್ಲಿಸುತ್ತಿದ್ದಳು. ಕೋಪ ಇರಬೇಕು, ಇಳಿಯುತ್ತದೆ ಎಂದು ನಾನು ಕಾಯುತ್ತಿದ್ದೆ.

ತಿಂಗಳ ಮನೆಕೂಟ ಆ ಸಲ ನಮ್ಮ ಮನೆಯಲ್ಲಿ. ಸಂಜೆ ಏಳೆಂಟು ಜನ ನೆಲದ ಮೇಲೆ ಕೂತಿದ್ದರು. ಕೊನೆಯಲ್ಲಿ ಒಬ್ಬೊಬ್ಬರನ್ನೂ ಯಾವುದಕ್ಕಾಗಿ ಪ್ರಾರ್ಥಿಸಬೇಕೆಂದು ಕೇಳುವುದು ಪಾಸ್ಟರಯ್ಯನ ಪದ್ಧತಿ. ಅಮ್ಮ ರಕ್ತ ಏರಲಿ ಎಂದಳು. ಅಪ್ಪ ತನಗೆ ಬಾಯಿ ಬರಲಿ ಎಂದ, ಎಲ್ಲರೂ ನಕ್ಕರು. ಪಾಸ್ಟರಯ್ಯ ನಡುಬಾಗಿಲ ಕಡೆ ತಿರುಗಿ, ಅಲ್ಲಿ ಚಾಪೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯನ್ನೂ ಕೇಳಿದರು:

“ಅಜ್ಜಿ, ನಿಮಗೇನಾದ್ರೂ ಕೇಳೋಣವಾ?”

ಬೇಡ ಎನ್ನುತ್ತಾಳೆ ಎಂದೇ ಎಲ್ಲರೂ ಅಂದುಕೊಂಡಿದ್ದೆವು. ಅಜ್ಜಿ ಮೊರ ಪಕ್ಕಕ್ಕಿಟ್ಟಳು.

“ಕೇಳ್ರಯ್ಯ. ನಂಗೆ ಈ ಮನೇಲಿ ಭಯ ಆಯ್ತದೆ.”

“ಯಾವುದರ ಭಯ ಅಜ್ಜಿ?”

“ಆ ಮಗೀದು” ಎಂದಳು. ನನ್ನ ಕಡೆ ಕೈ ತೋರಿಸಲಿಲ್ಲ, ನೋಡಲೂ ಇಲ್ಲ. “ನಾ ಕೆಮ್ಮುದ್ರೆ ನೋಡ್ತದೆ, ಎದ್ರೆ ನೋಡ್ತದೆ. ನಾಳೀಕೆ ಇನ್ನೇನು ಕಂಡೆ ಅಂತದೋ ಅಂತ ನಂಗೆ ಕೈಕಾಲೇ ಆಡಕಿಲ್ಲ.”

ಕೋಪ ಎಂದುಕೊಂಡಿದ್ದೆನಲ್ಲ, ಅದು ಕೋಪವಾಗಿರಲಿಲ್ಲ. ಆ ಕ್ಷಣದಷ್ಟು ನಾಚಿಕೆ ನನಗೆ ಆಮೇಲೆ ಯಾವತ್ತೂ ಆಗಿಲ್ಲ. ಅದೊಂದು ಮಗು, ಬಿಡಿ ಅಜ್ಜಿ ಎಂದು ಯಾರಾದರೂ ಹೇಳಲಿ ಎಂದು ಒಬ್ಬೊಬ್ಬರ ಮುಖ ನೋಡಿದೆ. ಯಾರೂ ಹೇಳಲಿಲ್ಲ. ಪಾಸ್ಟರಯ್ಯ ನನ್ನನ್ನು ಕರೆದು ಅಜ್ಜಿಯ ಚಾಪೆಯ ಮುಂದೆ ಕೂರಿಸಿದರು.

“ಅಜ್ಜಿ ಭಯ ಹೋಗ್ಲಿ ಅಂತ ನೀನೇ ಪ್ರಾರ್ಥನೆ ಮಾಡಮ್ಮ.”

ಪ್ರಾರ್ಥನೆ ನನಗೆ ಚೆನ್ನಾಗಿ ಬರುತ್ತಿತ್ತು. ಭಯ ಹುಟ್ಟಿಸುವುದನ್ನು ಹೆಸರು ಹಿಡಿದು ಕರೆದು, ಈ ಮನೆ ಬಿಟ್ಟು ತೊಲಗು ಎಂದು ಎಸ್ತರಕ್ಕನ ಹಾಗೆಯೇ ಕೂಗಬಲ್ಲವಳಾಗಿದ್ದೆ. ಈಗ ಯಾರ ಹೆಸರು ಹಿಡಿಯುವುದು? ‘ದೇವರೇ’ ಎಂದೆ. ಮುಂದಿನ ಮಾತು ಬರಲಿಲ್ಲ. ಮತ್ತೆ ‘ದೇವರೇ’ ಎಂದು ಕ್ಷಣ ಕಣ್ಣು ಬಿಟ್ಟೆ. ಎಲ್ಲರ ಕಣ್ಣೂ ಮುಚ್ಚಿದ್ದವು. ಅಜ್ಜಿ ಒಬ್ಬಳು ಕಣ್ಣು ಮುಚ್ಚಿರಲಿಲ್ಲ. ಸೆರಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ನಾನು ಏನು ಹೇಳಿಬಿಡುತ್ತೇನೋ ಎಂದು ನನ್ನ ಬಾಯನ್ನೇ ನೋಡುತ್ತಿದ್ದಳು.